ಗಣಿ ಬೂಟು ಹಾಕಿಕೊಂಡು ಕೆರೆಗಿಳಿದ ವರ್ಷ

ಕಳೆದ ತಿಂಗಳು ಮೀನಿಡುವ ಥರ್ಮಾಕೋಲ್ ಪೆಟ್ಟಿಗೆ ತರಲೆಂದು ಹರಪನಹಳ್ಳಿಗೆ ಹೊರಟವಳು ಕೊಟ್ಟೂರಿನಲ್ಲಿ ಬಸ್ ಬದಲಿಸಬೇಕಾಯಿತು. ಮುಂದಿನ ಬಸ್ಸು ತಡ ಎಂದರು. ಬಿಸಿಲಿಗೆ ತಲೆ ಸುಡುತ್ತಿತ್ತು. ರಸ್ತೆ ದಾಟಿ ಟೈರ್ ಅಂಗಡಿಯೊಂದರ ತಗಡಿನ ನೆರಳಿಗೆ ಹೋಗಿ ನಿಂತೆ. ಒಳಗೆ ಯಾರೋ ಕಾಯಿಸಿದ ಸಲಾಕೆಯನ್ನು ರಬ್ಬರಿಗೆ ಒತ್ತಿದರು. ಸುಟ್ಟ ರಬ್ಬರಿನ ಕಮಟು ವಾಸನೆ ಹೊಗೆಯ ಜೊತೆ ಹೊರಗೆ ಬಂತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಐದು ವರ್ಷದ ಹಿಂದೆ ಇದೇ ಊರಲ್ಲಿ, ಇಂಥದೇ ಅಂಗಡಿಯ ಮುಂದೆ, ನಾನೂ ವಿಜಯಳೂ ಹಳೆಯ ಟೈರುಗಳ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ಆ ವರ್ಷವನ್ನು ನಾನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಗಂಡನಿಗೂ ಅರ್ಧವೇ ಗೊತ್ತು.

ಆಗ ನಾವಿದ್ದದ್ದು ತಂಬ್ರಹಳ್ಳಿಯ ಕಡೆಯ ಒಂದು ಸಣ್ಣ ಊರಿನಲ್ಲಿ. ನಮ್ಮದು ಮೀನು ಹಿಡಿಯುವವರ ಮನೆತನ. ನನ್ನ ಗಂಡ ತಿಪ್ಪೇಶಿ ಡ್ಯಾಮಿನ ಹಿನ್ನೀರಿಗೆ ಹರಿಗೋಲು ಹಾಕಿಕೊಂಡು ಹೋಗುತ್ತಿದ್ದ. ನಾನು ಪಿಯುಸಿವರೆಗೆ ಓದಿದ್ದೆ, ಮನೆಯಲ್ಲಿ ಬಲೆ ಹೆಣೆಯುತ್ತಿದ್ದೆ. ವಿಜಯ ಊರ ನಡುವಿನ ದೊಡ್ಡ ಮನೆಯ ಹಿರಿ ಸೊಸೆ. ಗೊಬ್ಬರ, ಬೀಜದ ವ್ಯಾಪಾರದ ಮನೆ ಅದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮೀನಿನ ಹೆಸರು ಹೇಳಿದರೂ ಬಾಯಿ ತೊಳೆಯುವವರು. ಗಂಡ ಬಸವರಾಜಣ್ಣ ಬಾಯಿಲ್ಲದ ಮನುಷ್ಯ. ಮನೆಯ ಲಗಾಮು ಇದ್ದದ್ದು ಮೈದುನ ಮಲ್ಲೇಶನ ಕೈಯಲ್ಲಿ.

ಅಂಥ ಮನೆಯ ವಿಜಯ ಒಂದು ಮಧ್ಯಾಹ್ನ ನಮ್ಮ ಓಣಿಗೆ ಬಂದು, ಬಲೆ ಹೆಣೆಯುತ್ತಿದ್ದ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಂಬಕ್ಕ, ಪಂಚಾಯ್ತಿಯವ್ರು ಹೆಣ್ಮಕ್ಕಳ ಗುಂಪಿಗೆ ಊರ ಕೆರಿ ಕೊಡ್ತಾರಂತ. ಮೀನು ಸಾಕಾಕ. ನಾವ್ಯಾಕ ತಗೋಬಾರದು?" ಅಂದಳು.

ನನಗೆ ನಗು ಬಂತು. "ಅಕ್ಕಾರ, ನೀವು ಮೀನು ಮುಟ್ಟೋರಲ್ರಿ."

"ತಿನ್ನಂಗಿಲ್ಲ. ಸಾಕಾಕೇನು? ಆಕಳಾ ಸಾಕಿಲ್ಲೇನು?"

"ಮನ್ಯಾಗ ಏನಂತಾರ್ರಿ?"

"ಅನ್ನೋರು ಅಂತಾರ. ನೀ ಬರ್ತೀಯೋ ಇಲ್ಲೋ ಅದನ್ನ ಹೇಳು."

ಆ ಮಾತಿಗೆ ನಾನು ಸೋತೆ. ನಮ್ಮ ಓಣಿಯ ನಾಲ್ವರನ್ನು ಕೂಡಿಸಿಕೊಂಡು ಆರು ಮಂದಿಯ ಗುಂಪಾಯಿತು. ಅಧ್ಯಕ್ಷೆ ವಿಜಯ. ನಮ್ಮಲ್ಲಿ ಹಿರಿಯಳು ಹನುಮಕ್ಕ, ಗಂಡ ಸತ್ತವಳು, ಕೂಲಿಯಿಂದ ಬದುಕುವವಳು. ಪಂಚಾಯ್ತಿ ಒಂದು ವರ್ಷಕ್ಕೆ ಕೆರೆ ಕೊಟ್ಟಿತು. ಚೆನ್ನಾಗಿ ಮಾಡಿದರೆ ಮುಂದೆಯೂ ನಿಮಗೇ ಎಂದರು.

ಕೆರೆ ಅಂದರೆ ಅದೇನು ತೊಳೆದಿಟ್ಟ ಬಾವಿಯಲ್ಲ. ಮಳೆಯಿಲ್ಲದ ವರ್ಷಗಳಲ್ಲಿ ಅದರ ಅರ್ಧ ಅಂಗಳಕ್ಕೆ ಬಳ್ಳಾರಿ ಜಾಲಿ ಹಬ್ಬಿತ್ತು. ಕಡಿದವರು ಸೌದೆ ಒಯ್ದರು, ಕೂಳೆಯನ್ನೂ ಮುಳ್ಳಿನ ಟೊಂಗೆಗಳನ್ನೂ ಅಲ್ಲೇ ಬಿಟ್ಟರು. ಆಮೇಲೆ ನೀರು ನಿಂತು ಎಲ್ಲ ಕೆಸರಿನೊಳಗೆ ಹೂತಿತ್ತು. ಮರಿ ಬಿಡುವ ಮೊದಲು ಜೊಂಡು ಕೀಳಬೇಕು, ಮುಳ್ಳು ತೆಗೆಯಬೇಕು, ಇಲ್ಲದಿದ್ದರೆ ಬಲೆ ಎಳೆದಲ್ಲೆಲ್ಲ ಹರಿಯುತ್ತದೆ. ಬರಿಗಾಲಲ್ಲಿ ಇಳಿದರೆ ಮುಳ್ಳು, ಸೊಂಟದ ಮಟ್ಟದ ಹೊಲಸು ನೀರಲ್ಲಿ ಹೊತ್ತೆಲ್ಲ ನಿಂತರೆ ತುರಿಕೆ. ಮೊದಲ ವಾರವೇ ನಮ್ಮ ತೊಡೆಗಳೆಲ್ಲ ಕೆಂಪಾದವು. ಸೀರೆ ನೆನೆದು ಕಾಲಿಗೆ ಸುತ್ತಿಕೊಂಡು, ಹೆಜ್ಜೆ ಇಟ್ಟಲ್ಲೆಲ್ಲ ಮುಗ್ಗರಿಸುತ್ತಿದ್ದೆವು. ಏರಿಯ ಮೇಲೆ ಗಂಡಸರು ಬೀಡಿ ಸೇದುತ್ತ ಕೂತು ನೋಡುತ್ತಿದ್ದರು.

ನಮಗೆ ಮೀನು ಸಾಕಣೆಯ ಪಾಠ ಹೇಳಿದ ಮೇಡಂ ಒಬ್ಬರಿದ್ದರು. ನಮ್ಮ ಕಾಲು ನೋಡಿ ಮರುಕಪಟ್ಟು, ಯಾವುದೋ ಮುಗಿದುಹೋದ ಮೀನಿನ ಸಂಶೋಧನೆಯವರು ಬಿಟ್ಟುಹೋಗಿದ್ದ ವೇಡರ್‌ಗಳನ್ನು ತಂದುಕೊಟ್ಟರು. ಎದೆಯವರೆಗೆ ಬರುವ, ನೀರು ಒಳಗೆ ಬಿಡದ ಪ್ಯಾಂಟು. ಹೆಗಲಿಗೆ ಪಟ್ಟಿ. ನಮ್ಮ ಬಾಯಲ್ಲಿ ಅದು 'ನೀರ್ ಪ್ಯಾಂಟ್' ಆಯಿತು. ಆದರೆ ಅದರ ಪಾದದಲ್ಲಿ ಬೂಟಿರಲಿಲ್ಲ. ಕಾಲುಚೀಲದ ಹಾಗೆ ದಪ್ಪನೆಯ ಮೆತ್ತನೆಯ ಚೀಲವಷ್ಟೆ. ಅದರ ಮೇಲೆ ಬೇರೆ ಬೂಟು ಹಾಕಿಕೊಳ್ಳಬೇಕು, ಹಾಗೇ ನಡೆದರೆ ಒಂದೇ ದಿನಕ್ಕೆ ತೂತು ಬೀಳುತ್ತದೆ ಎಂದು ಮೇಡಂ ಹೇಳಿದರು. ಅದಕ್ಕೆಂದೇ ಮಾಡಿದ ಬೂಟನ್ನು ಮೊಬೈಲಿನಲ್ಲಿ ತೋರಿಸಿದರು. ಬೆಲೆ ನೋಡಿದ ಹನುಮಕ್ಕ, "ಅಷ್ಟ್ರಾಗ ಒಂದು ಎಮ್ಮಿ ಕರ ಬರ್ತೈತಲ್ಲೇ ಯವ್ವಾ," ಅಂದಳು.

ಅಗ್ಗದ ಬೂಟು ಹುಡುಕುವ ಕೆಲಸ ನನಗೂ ವಿಜಯಳಿಗೂ ಬಂತು. ನಿಜ ಹೇಳಬೇಕೆಂದರೆ, ಆ ವರ್ಷದಲ್ಲಿ ನನಗೆ ಅತಿ ಪ್ರೀತಿಯದು ಆ ಹುಡುಕಾಟವೇ.

ಮೊದಲು ಹಗರಿಬೊಮ್ಮನಹಳ್ಳಿಗೆ ಹೋದೆವು. ಗದ್ದೆಗೆ ಹಾಕುವ ಉದ್ದ ಗಮ್‌ಬೂಟು ಸಿಕ್ಕಿತು. ಒಂದು ಜೊತೆ ತಂದು ನೋಡಿದರೆ ಕೆಸರಿಗಿಳಿದ ಕೂಡಲೆ ಅದರೊಳಗೆ ನೀರು ತುಂಬಿತು, ಕಾಲು ಎತ್ತಿದರೆ ಕಾಲು ಮಾತ್ರ ಬಂತು, ಬೂಟು ಕೆಸರಲ್ಲೇ ಉಳಿಯಿತು. ಅದನ್ನು ಕೈಹಾಕಿ ತೆಗೆಯುವಷ್ಟರಲ್ಲಿ ಮೂವರು ಮುಗ್ಗರಿಸಿದರು. ಹಡಗಲಿಯಲ್ಲಿ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ಲು ನೋಡಿದೆವು. ಹಗುರ, ನೀರು ನಿಲ್ಲುವುದಿಲ್ಲ, ಇದೇ ಸರಿ ಅನ್ನಿಸಿತು. ಆದರೆ ಸಂದಿಯಲ್ಲಿ ಗರಸು ಹೊಕ್ಕು ಚೀಲವನ್ನು ಉಜ್ಜತೊಡಗಿತು. ಆಮೇಲೆ ಹರಪನಹಳ್ಳಿಯಿಂದ ಗಂಡಸರ ಅಳತೆಯ ಕ್ಯಾನ್ವಾಸ್ ಬೂಟು ಬಂದವು. ಚೀಲದ ದಪ್ಪಕ್ಕೆ ನಮ್ಮ ಕಾಲಿನ ಅಳತೆಗಿಂತ ಎರಡು ನಂಬರು ದೊಡ್ಡದೇ ಬೇಕಿತ್ತು. ಕಾಲಿಗೆ ಚೆನ್ನಾಗಿ ಕೂತವು. ಎಲ್ಲರಿಗೂ ತಂದೆವು, ಎಲ್ಲರೂ ಖುಷಿಯಾದರು.

ಎರಡನೆಯ ದಿನ ಹನುಮಕ್ಕ ನೀರಿನ ನಡುವೆ ನಿಂತು ಒಮ್ಮೆ ಚೀರಿದಳು. ಜಾಲಿಮುಳ್ಳು ಕ್ಯಾನ್ವಾಸಿನ ತಳವನ್ನೂ ಚೀಲವನ್ನೂ ದಾಟಿ ಅಂಗಾಲಿಗೆ ಇಳಿದಿತ್ತು. ನಾನೂ ವಿಜಯಳೂ ಇಬ್ಬರೂ ಹೆಗಲು ಕೊಟ್ಟು ದಡಕ್ಕೆ ತಂದೆವು. ಮುಳ್ಳಿನ ತುದಿ ಒಳಗೇ ಮುರಿದಿತ್ತು. ಕಾಲು ಬಾತು, ಕೀವಾಗಿ, ಬಳ್ಳಾರಿಯ ಆಸ್ಪತ್ರೆಯಲ್ಲಿ ಕೊಯ್ಸಿಕೊಂಡು ಬಂದಳು. ಆಕೆಯ ನಡಿಗೆ ಆವತ್ತಿನಿಂದ ಸ್ವಲ್ಪ ಕುಂಟು.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ವಿಜಯ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. "ನಾ ಕರ್ಕೊಂಡು ಬಂದೆ ಅಂಬಿ ಎಲ್ಲಾರ್ನೂ. ನನ್ನಿಂದಾತು," ಅಂದಳು. ನನ್ನನ್ನು 'ಅಂಬಿ' ಎಂದು ಕರೆದದ್ದು ಅದೇ ಮೊದಲು. ನಾನೂ ಯೋಚಿಸದೆ, "ಅಳಬ್ಯಾಡಲೇ ವಿಜಿ. ಹುಡುಕೋಣಂತ," ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ದೊಡ್ಡ ಮನೆಯ ಸೊಸೆಯನ್ನು ನಮ್ಮ ಓಣಿಯವರು 'ಲೇ' ಅನ್ನುವುದುಂಟೆ? ಅವಳು ತಿರುಗಿ ನನ್ನ ಕೈ ಹಿಡಿದುಕೊಂಡಳು. ಆ ವರ್ಷವೆಲ್ಲ ನಾನು ಅವಳಿಗೆ 'ರೀ' ಹಚ್ಚಲಿಲ್ಲ.

ಕೂಡ್ಲಿಗಿಯಲ್ಲಿ ನಮ್ಮ ಬೂಟು ಸಿಕ್ಕವು. ಸಂತೆಯ ದಿನ. ಸಂಡೂರಿನ ಕಡೆಯ ಗಣಿಗಳಲ್ಲಿ ಹಾಕಿ ಬಿಟ್ಟ ಹಳೆಯ ಬೂಟುಗಳನ್ನು ಒಬ್ಬ ಮುದುಕ ತಾಡಪತ್ರಿಯ ಮೇಲೆ ರಾಶಿ ಹಾಕಿಕೊಂಡು ಕೂತಿದ್ದ. ಎಲ್ಲವಕ್ಕೂ ಕೆಮ್ಮಣ್ಣಿನ ಬಣ್ಣ ಅಂಟಿತ್ತು. ತಳ ಬೆರಳು ದಪ್ಪ. ನಾನು ಸೆರಗಿನಿಂದ ಸೂಜಿಪಿನ್ನು ತೆಗೆದು ಒತ್ತಿ ನೋಡಿದೆ, ಪಿನ್ನು ಬಗ್ಗಿತು. "ವಿಜಿ, ಜಾಲಿಮುಳ್ಳಿನ ಅಪ್ಪ ಬಂದ್ರೂ ಇದರಾಗ ಹೋಗಂಗಿಲ್ಲ," ಅಂದೆ.

"ಚೀಲದ ಮ್ಯಾಲೆ ಹಾಕ್ಕೊಂಡು ನೋಡಬೇಕಲ್ಲ?"

"ಇಲ್ಲೇ?"

ವಿಜಯ ಆಗಲೇ ಕೈಚೀಲದಿಂದ ನೀರ್ ಪ್ಯಾಂಟ್ ತೆಗೆದಿದ್ದಳು. ನಡುಸಂತೆಯಲ್ಲಿ, ಸೀರೆಯ ಮೇಲೆಯೇ ಅದನ್ನು ಏರಿಸಿಕೊಂಡು, ಹೆಗಲಿಗೆ ಪಟ್ಟಿ ಹಾಕಿಕೊಂಡು, ರಾಶಿಯೊಳಗಿನ ಬೂಟುಗಳನ್ನು ಒಂದೊಂದಾಗಿ ಮೆಟ್ಟಿ ನೋಡತೊಡಗಿದಳು. ಕಾಯಿಪಲ್ಯೆ ಮಾರುವವರೆಲ್ಲ ತಕ್ಕಡಿ ಕೆಳಗಿಟ್ಟು ನೋಡಿದರು. ಸುತ್ತ ಮಂದಿ ನೆರೆಯಿತು.

"ಏನಮ್ಮಾ ಇದು, ನಾಟಕದ ವೇಷೇನು?" ಎಂದ ಒಬ್ಬ.

"ಹೂನಪ್ಪ, ಚೀಟಿ ತಗೊಂಡು ನೋಡು," ಅಂದಳು ವಿಜಯ. ಮಂದಿಯೆಲ್ಲ ನಕ್ಕಿತು. ಬೂಟಿನ ಮುದುಕ ನಗುತ್ತ ನಗುತ್ತಲೇ ಆರು ಜೊತೆ ಹೊಂದಿಸಿ ಕೊಟ್ಟ. ಅವಳು ಹಾಕಿದ ವೇಷಕ್ಕೇ ಸೋತು ಬೆಲೆ ಇಳಿಸಿದ. ಕ್ಯಾನ್ವಾಸಿಗೆ ಕೊಟ್ಟದ್ದಕ್ಕಿಂತ ಅಗ್ಗಕ್ಕೆ ಬಂದವು.

ವಾಪಸು ಬರುವಾಗ ಕೊಟ್ಟೂರಿನಲ್ಲಿ ಇಳಿದೆವು. ಆ ಬೂಟುಗಳಲ್ಲಿ ಒಂದೇ ದೋಷ, ಒಳಗೆ ಹೋದ ನೀರು ಹೊರಗೆ ಬರಲು ದಾರಿಯಿರಲಿಲ್ಲ. ಪಂಕ್ಚರ್ ಅಂಗಡಿಯ ಮಹಬೂಬಣ್ಣನಿಗೆ ಕೊಟ್ಟು ಪಕ್ಕಕ್ಕೆ ತೂತು ಹೊಡೆಯಲು ಹೇಳಿದೆವು. ಅವನು ನಮ್ಮನ್ನೇ ಬೆರಗಾಗಿ ನೋಡಿದ. "ಅಕ್ಕಾರ, ಇಷ್ಟು ವರ್ಷ ತೂತು ಮುಚ್ಚೀನಿ. ಛಲೋ ಬೂಟಿಗೆ ತೂತು ಹೊಡಿ ಅಂದೋರು ನೀವಾ ಮೊದಲು ನೋಡ್ರಿ," ಎಂದ. ಸಲಾಕೆ ಕಾಯಿಸಿ ಒಂದೊಂದೇ ತೂತು ಸುಡುತ್ತಿದ್ದರೆ ಹೊಗೆಗೆ ನಮ್ಮ ಕಣ್ಣು ಉರಿದವು. ವಿಜಯ ಕೆಮ್ಮುತ್ತ ನಗುತ್ತಿದ್ದಳು. ಅವಳ ಮೂಗಿನ ಮೇಲೆ ಮಸಿ. ಅದನ್ನು ನೋಡಿ ನನಗೆ ನಗು. ನನ್ನ ಮುಖದಲ್ಲೂ ಮಸಿಯಿದೆಯೆಂದು ಅವಳಿಗೆ ನಗು. ಬಸ್ಸು ಬಂದು ಹೋದದ್ದೂ ನಮಗೆ ತಿಳಿಯಲಿಲ್ಲ.

ಆಮೇಲಿನ ಕೆಲಸವೆಲ್ಲ ಸಲೀಸಾಯಿತು. ಸೀರೆ ಕಳಚಿಟ್ಟು, ಗಂಡಂದಿರ ಹಳೆಯ ಪ್ಯಾಂಟಿನ ಮೇಲೆ ವೇಡರ್ ಹಾಕಿ, ಗಣಿ ಬೂಟಿಗೆ ಬಲೆಯ ನೈಲಾನ್ ದಾರವನ್ನೇ ಲೇಸು ಕಟ್ಟಿ ಕೆರೆಗಿಳಿದರೆ ಕಾಲ ಕೆಳಗೆ ಮುಳ್ಳು ಮುರಿಯುವ ಸದ್ದು ಗೊತ್ತಾಗುತ್ತಿತ್ತು, ಚುಚ್ಚುತ್ತಿರಲಿಲ್ಲ. ಜೊಂಡೆಲ್ಲ ಕಿತ್ತೆವು. ಮಳೆ ತಡವಾಗಿ ಹಿಡಿಯಿತು. ಹಿಡಿದ ಮೇಲೆ ಬಿಡಲಿಲ್ಲ. ಕೆರೆ ಕೋಡಿಯ ಹತ್ತಿರಕ್ಕೆ ತುಂಬಿತು. ಡ್ಯಾಮಿನ ಕಡೆಯಿಂದ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನುಮರಿ ಬಂದವು. ಕಾಟ್ಲಾ, ರೋಹು. ಚೀಲವನ್ನು ನೀರಿನ ಮೇಲೆ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸುಪಿಗೆ ಬಂದ ಮೇಲೆ ಬಾಯಿ ಬಿಚ್ಚಬೇಕು. ವಿಜಯ ಒಂದು ಚೀಲವನ್ನು ಮಗುವನ್ನು ಹಿಡಿದ ಹಾಗೆ ಹಿಡಿದಿದ್ದಳು. ಮರಿಗಳು ಅವಳ ಬೆರಳ ಸಂದಿಯಲ್ಲಿ ಹಾದು ಕೆರೆಗೆ ಹೋದಾಗ, "ಕಚಗುಳಿ ಇಡ್ತಾವಲ್ಲೇ!" ಎಂದು ಕೂಗಿದಳು. ಜನ್ಮದಲ್ಲಿ ಮೀನು ಮುಟ್ಟದ ಕೈ ಅದು.

ದೀಪಾವಳಿಗೆ ಅವಳು ನನ್ನನ್ನು ಮನೆಗೆ ಕರೆದಳು. ಆ ಮನೆಯ ಹೊಸ್ತಿಲನ್ನು ನಾನು ಅದುವರೆಗೆ ದಾಟಿರಲಿಲ್ಲ. ಪಡಸಾಲೆಯಲ್ಲಿ ಕೂರಿಸಿ ಹೋಳಿಗೆ ಬಡಿಸಿದಳು. ಮಲ್ಲೇಶನೂ ಎದುರಿಗೇ ಬಂದು ಕೂತ. ಏರಿಯ ಮೇಲೆ ಬೀಡಿ ಸೇದುತ್ತ ನಕ್ಕವರಲ್ಲಿ ಅವನೂ ಒಬ್ಬ. ಆವತ್ತು ಮಾತ್ರ ಬಹಳ ಮರ್ಯಾದೆ.

"ಅಂಬಕ್ಕಾರ, ಬ್ಯಾಸಗಿ ಹೊತ್ತಿಗೆ ಒಂದೊಂದು ಎಷ್ಟು ತೂಗ್ತಾವ್ರಿ?" ಎಂದು ಕೇಳಿದ. ಹೇಳಿದೆ. ಯಾವ ಕಡೆ ಆಳ, ಎಲ್ಲಿ ಬಲೆ ಎಳೆಯಬೇಕು, ಹೊಸಪೇಟೆಯ ವ್ಯಾಪಾರಿ ಲಾರಿ ಕಳಿಸುತ್ತಾನೋ ನಾವೇ ಒಯ್ಯಬೇಕೋ ಎಂದೆಲ್ಲ ಕೇಳಿದ. ಎಲ್ಲವನ್ನೂ ಹೇಳಿದೆ. ನಮ್ಮ ಕೆಲಸವನ್ನು ಆ ಮನೆಯ ಗಂಡಸು ಕೂತು ಕೇಳುತ್ತಿದ್ದಾನಲ್ಲ ಎಂದು ನನಗೆ ಹೆಮ್ಮೆ. ವಿಜಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಇನ್ನೊಂದು ಹೋಳಿಗಿ ಹಾಕ್ಕೋ ಅಂಬಿ," ಎಂದು ಮೇಲಿಂದ ಮೇಲೆ ಬಡಿಸಿದಳು.

ಚಳಿಗಾಲವೆಲ್ಲ ಚೆನ್ನಾಗಿಯೇ ಕಳೆಯಿತು. ಬೆಳಿಗ್ಗೆ ತೌಡೂ ಶೇಂಗಾ ಹಿಂಡಿಯೂ ಕಲಸಿ ಮೀನಿಗೆ ಹಾಕಲು ಹೋಗುತ್ತಿದ್ದೆವು. ನೀರ ಮೇಲೆ ಮಂಜು. ಹಿಂಡಿ ಬಿದ್ದಲ್ಲಿ ಬಾಯಿಗಳು ಪುಳಪುಳ ಎಂದು ಏಳುತ್ತಿದ್ದವು. ಹನುಮಕ್ಕ ಏರಿಯ ಮೇಲೆ ಕೂತು ನಮಗೆಲ್ಲ ರೊಟ್ಟಿ ಹಂಚುತ್ತಿದ್ದಳು. ವಿಜಯ ತನ್ನ ಮನೆಯಿಂದ ಗುರೆಳ್ಳಿನ ಚಟ್ನಿ ತರುತ್ತಿದ್ದಳು. ಈ ಮೀನು ಮಾರಿದ ಮೇಲೆ ಇನ್ನೊಂದು ಕೆರೆಯನ್ನೂ ಕೇಳೋಣ ಎಂದು ಮಾತಾಡುತ್ತಿದ್ದೆವು. "ನೀಲಗುಂದಕ್ಕ ಹೋಗಿ ಭೀಮೇಶ್ವರಗ ಕಾಯಿ ಒಡ್ಸೋಣ," ಅನ್ನುತ್ತಿದ್ದಳು ವಿಜಯ. ನಾವೆಲ್ಲ ಹೂಂ ಅನ್ನುತ್ತಿದ್ದೆವು.

ಯುಗಾದಿಯ ಹೊತ್ತಿಗೆ ನಮ್ಮ ವರ್ಷ ಮುಗಿಯಬೇಕು. ಆದರೆ ಮಳೆ ತಡವಾಗಿದ್ದರಿಂದ ಮರಿ ಬಿಟ್ಟದ್ದೂ ತಡ. ಮೀನು ತೂಕಕ್ಕೆ ಬರಲು ಇನ್ನೂ ಒಂದೆರಡು ತಿಂಗಳು ಬೇಕಿತ್ತು. ಕೆರೆಯನ್ನು ಮುಂದುವರಿಸಿ ಕೊಡಿ ಎಂದು ಪಂಚಾಯ್ತಿಯ ಸಭೆಯಲ್ಲಿ ಕೇಳುವುದು, ಅಧ್ಯಕ್ಷೆಯಾದ್ದರಿಂದ ವಿಜಯಳೇ ಮಾತಾಡುವುದು ಎಂದು ಗೊತ್ತಾಗಿತ್ತು. ಆವತ್ತು ನಾವೆಲ್ಲ ಒಳ್ಳೆಯ ಸೀರೆ ಉಟ್ಟು ಹೋದೆವು. ಶಾಲೆಯ ಅಂಗಳದಲ್ಲಿ ಸಭೆ. ಕೆರೆಯ ಮಾತು ಬಂದಾಗ ವಿಜಯ ಎದ್ದು ನಿಂತಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ಸೀರೆಯ ನೆರಿಗೆ ನನ್ನ ಮೊಣಕಾಲಿಗೆ ತಾಗುತ್ತಿತ್ತು.

"ನಮ್ಮ ಗುಂಪಿಗೆ ಈ ಸಲ ಕೆರಿ ಬ್ಯಾಡ್ರಿ," ಅಂದಳು.

ನನಗೆ ತಪ್ಪು ಕೇಳಿಸಿತು ಅಂದುಕೊಂಡೆ.

"ಹೆಣ್ಮಕ್ಕಳ ಕೈಲಿ ನೀಗವಲ್ದು. ಒಬ್ಬಾಕೆ ಕಾಲೂ ಹೋತು. ನಾವು ಬಿಟ್ಟುಕೊಡ್ತೀವಿ," ಎಂದು ಹೇಳಿ ಕೂತಳು. ನನ್ನ ಕಡೆ ನೋಡಲಿಲ್ಲ.

ನಾನು ಎದ್ದು, "ಇಲ್ರಿ, ನಾವು ಬಿಡಂಗಿಲ್ರಿ. ಮೀನು ಇನ್ನೂ ಕೆರ್‍ಯಾಗ ಅದಾವು," ಎಂದು ಕೂಗಿದೆ. "ನಿಮ್ಮ ಅಧ್ಯಕ್ಷರಾ ಹೇಳ್ಯಾರಲ್ಲಮ್ಮ, ಗುಂಪಿನ ಜಗಳ ಇಲ್ಲಿ ಬ್ಯಾಡ," ಎಂದು ಯಾರೋ ನನ್ನನ್ನು ಕೂರಿಸಿದರು. ಹಿಂದಿನ ಸಾಲಿನಿಂದ ಮಲ್ಲೇಶ ಎದ್ದು ಕೆರೆ ತನಗೆ ಬೇಕೆಂದ. ಬೇರೆ ಯಾರೂ ಕೇಳಲಿಲ್ಲ. ಅಷ್ಟೇ. ಚಹಾ ಕುಡಿದು ಮುಗಿಸುವಷ್ಟರಲ್ಲಿ ನಮ್ಮ ಕೆರೆ ಹೋಗಿತ್ತು, ಒಳಗಿನ ಮೀನಿನ ಸಮೇತ. ಮೀನಿನ ಪಾಲೆಂದು ಆಮೇಲೆ ಏನೋ ಕೊಟ್ಟರು. ಅದರ ಮಾತು ಬೇಡ.

ಸಭೆ ಮುಗಿದು ಮಂದಿ ಏಳುವಾಗ ವಿಜಯಳ ತೋಳು ಹಿಡಿದು ನಿಲ್ಲಿಸಿದೆ. "ವಿಜಿ, ಏನಂದಿ ನೀನು? ಯಾಕಂದಿ?" ಅವಳು ನೆಲ ನೋಡುತ್ತ, "ಕೆರಿ ಊರಿಂದು ಅಂಬಿ. ನಿಂದಲ್ಲ, ನಂದಲ್ಲ," ಅಂದು ತೋಳು ಬಿಡಿಸಿಕೊಂಡು ಮನೆಯವರ ಜೊತೆ ಹೋದಳು. ಹನುಮಕ್ಕ ಅಂಗಳದಲ್ಲೇ ಕೂತುಬಿಟ್ಟಳು. "ನನ್ನ ಕಾಲಿನ ಹೆಸರು ಹೇಳಿ ಬಿಡಿಸಿದಳಲ್ಲೇ," ಎಂದು ಅದನ್ನೇ ಅಂದಳು, ಮನೆಗೆ ಹೋಗುವ ದಾರಿಯುದ್ದಕ್ಕೂ.

ನಾನು ಊಟ ಬಿಟ್ಟೆ. ಏನೋ ಬಲವಂತ ಇರಬೇಕು, ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ಕಾದೆ. ತಿಪ್ಪೇಶಿ, "ದೊಡ್ಡ ಮನಿಯೋರ ಗೆಳೆತನ ಬ್ಯಾಡ ಅಂತ ನಾ ಅಂದಿದ್ದಿಲ್ಲೇನು?" ಎಂದ. ಅವನು ಯಾವತ್ತೂ ಹಾಗೆ ಅಂದಿರಲಿಲ್ಲ. ಆದರೆ ಜಗಳಾಡುವ ಶಕ್ತಿ ನನಗಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ನೀರು ತರಲು ಹೋದವರು ಬಂದು ಕೆರೆಗೆ ಬಲೆ ಹಾಕ್ಯಾರ ಎಂದರು. ಓಡಿದೆ. ಹಡಗಲಿಯ ಹೊಳೆಯ ಕಡೆಯಿಂದ ಕರೆಸಿದ ಗಂಡಸರು ನೀರೊಳಗೆ ನಿಂತಿದ್ದರು. ನಾನು ದೀಪಾವಳಿಯ ದಿನ ಮಲ್ಲೇಶನಿಗೆ ಹೇಳಿದ ಜಾಗದಲ್ಲೇ ಬಲೆ ಎಳೆಯುತ್ತಿದ್ದರು. ಅವರ ಮೈಮೇಲೆ ನಮ್ಮ ವೇಡರ್. ಒಬ್ಬ ದಡಕ್ಕೆ ಬಂದಾಗ ಕಾಲು ನೋಡಿದೆ. ಕೆಮ್ಮಣ್ಣು ಬಣ್ಣದ ಬೂಟು, ನೈಲಾನ್ ದಾರದ ಲೇಸು, ಪಕ್ಕದಲ್ಲಿ ಸಾಲಾಗಿ ಸುಟ್ಟ ತೂತು.

ಏರಿಯ ಮೇಲೆ ಮಲ್ಲೇಶ, ಅವನ ಹಿಂದೆ ವಿಜಯ. ಏರಿಯ ಪಕ್ಕದಲ್ಲಿ ಗುಂಪಿನ ಸಾಮಾನಿಟ್ಟಿದ್ದ ಹಳೆಯ ಕೋಣೆಯ ಬೀಗದ ಕೈ ಅವಳ ಬಳಿಯೇ ಇತ್ತು. ಆ ಬಾಗಿಲು ಈಗ ತೆರೆದು ನಿಂತಿತ್ತು.

ಕೆರೆ ಹೋದಾಗ ನನಗೆ ಅಳು ಬಂದಿರಲಿಲ್ಲ. ಬೂಟು ನೋಡಿದಾಗ ಬಂತು. ಆದರೂ ಅಳಲಿಲ್ಲ. ದಡದಲ್ಲಿ ನಿಂತು, "ಬೂಟು ಬಿಚ್ರಿ," ಅಂದೆ.

"ಯಾಕ್ರೀ ಅಕ್ಕಾರ?" ಎಂದ ನೀರಿನಲ್ಲಿದ್ದವರಲ್ಲಿ ವಯಸ್ಸಾದವನು.

"ಅವು ನಮ್ವು. ಬಿಚ್ರಿ."

ಮಲ್ಲೇಶ ಮೇಲಿಂದ, "ಹಳೇ ಬೂಟಿಗೆ ಯಾಕ ಇಷ್ಟು ಜೀವ ಬಿಡ್ತೀಯವಾ? ಹೊಸಾವು ಕೊಡಿಸ್ತೀನಿ ಬಾ," ಎಂದ.

"ಹೊಸಾವು ನೀವಾ ಹಾಕ್ಕೊಳ್ರಿ."

ವಯಸ್ಸಾದವನು ವಿಜಯಳ ಕಡೆ ನೋಡಿದ. ಅವಳು, "ಕೊಟ್ಬಿಡ್ರಿ ಅವ್ರಿಗೆ," ಅಂದಳು. 'ಅವ್ರಿಗೆ' ಅಂದಳು, ಯಾರೋ ಎಂಬಂತೆ. ಆ ಮನುಷ್ಯ ದಡದ ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿದ. "ತಪ್ಪು ತಿಳ್ಕೋಬ್ಯಾಡ್ರಿ. ನಮಗ ಗೊತ್ತಿದ್ದಿಲ್ಲ. ಭಾಳ ಛಲೋ ಬೂಟು ಮಾಡಿಸೀರಿ," ಎಂದ. ಆರು ಜೊತೆಯನ್ನೂ ಗೋಣಿಚೀಲಕ್ಕೆ ಹಾಕಿ ತಲೆಯ ಮೇಲೆ ಹೊತ್ತು ಬಂದೆ. ಚೀಲದಿಂದ ನೀರಿಳಿದು ಬೆನ್ನೆಲ್ಲ ನೆನೆಯಿತು. ವೇಡರ್ ಕೇಳಲಿಲ್ಲ. ಅವು ಯಾರೋ ಪುಣ್ಯಕ್ಕೆ ಕೊಟ್ಟವು. ಬೂಟು ನಾವು ಹುಡುಕಿದವು.

ಇಷ್ಟಕ್ಕೇ ಮುಗಿಯಲಿಲ್ಲ. ಮಲ್ಲೇಶ ಕೆರೆಗೆ ಮತ್ತೆ ಮರಿ ಬಿಡಲು ಸಿದ್ಧವಾಗಿ, ಜೊಂಡು ಕೀಳಲು ನಮ್ಮ ಓಣಿಯಲ್ಲೇ ಕೂಲಿಗೆ ಕರೆದ. ಒಂದು ಸಂಜೆ ನಮ್ಮ ಗುಂಪಿನವರೇ ಮೂವರು ನನ್ನ ಅಂಗಳಕ್ಕೆ ಬಂದು ನಿಂತರು. ಅವರಲ್ಲಿ ಹನುಮಕ್ಕನೂ ಇದ್ದಳು.

"ಅಂಬವ್ವ, ನನ್ನ ಬೂಟು ಕೊಡ್ತೀಯೇನು?"

"ಅವನ ಕೆಲಸಕ್ಕೇನು?"

ಉಳಿದಿಬ್ಬರು ತಲೆ ತಗ್ಗಿಸಿದರು. ಹನುಮಕ್ಕ ತಗ್ಗಿಸಲಿಲ್ಲ. "ನನ್ನ ಹೊಟ್ಟಿಗೆ ಸಿಟ್ಟು ಗೊತ್ತಾಗಂಗಿಲ್ಲವ್ವ. ಇನ್ನೊಂದು ಸಲ ಮುಳ್ಳು ಹೊಕ್ರ ಈ ಕಾಲು ಉಳಿಯಂಗಿಲ್ಲ," ಅಂದಳು.

ಒಳಗೆ ಹೋಗಿ ಮೂರು ಜೊತೆ ತಂದುಕೊಟ್ಟೆ. ಅವಳ ಬೂಟಿನ ಲೇಸು ಹರಿದಿತ್ತು. ಹೊಸ ದಾರ ಪೋಣಿಸಿಯೇ ಕೊಟ್ಟೆ. ಅವರು ಹೋದ ಮೇಲೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಆದರೆ ಆ ಮುದುಕಿಯನ್ನು ಬರಿಗಾಲಲ್ಲಿ ಆ ಕೆರೆಗೆ ಇಳಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಆ ಮುಂಗಾರು ಮುಗಿಯುವ ಮೊದಲೇ ನಾವು ಊರು ಬಿಟ್ಟು ಹಗರಿಬೊಮ್ಮನಹಳ್ಳಿಗೆ ಬಂದೆವು. ಬಾಡಿಗೆ ಮನೆ, ಮುಂದೆ ತಗಡು ಹೊದಿಸಿದ ಮೀನಿನ ಅಂಗಡಿ. ತಿಪ್ಪೇಶಿ ಹಿನ್ನೀರಿಗೆ ಹೋಗಿ ತರುತ್ತಾನೆ, ನಾನು ಮಾರುತ್ತೇನೆ. ದಸರೆಯ ಮುಂಚೆ ಒಂದು ಮಧ್ಯಾಹ್ನ ಅಂಗಡಿ ತೊಳೆದು ಒಳಗೆ ಹೋಗುವಾಗ ಬಾಗಿಲಲ್ಲಿ ವಿಜಯ ನಿಂತಿದ್ದಳು. ಸೊರಗಿದ್ದಳು. ಮೀನಿನ ವಾಸನೆಗೆ ಅವಳು ಮೂಗು ಮುಚ್ಚಲಿಲ್ಲ.

"ಬರ್ರಿ ಅಕ್ಕಾರ," ಅಂದೆ.

"ರೀ ಹಚ್ಚಬ್ಯಾಡಲೇ ಅಂಬಿ."

"ಕುಂದರ್ರಿ. ಚಾ ಮಾಡ್ತೀನಿ."

ಚಹಾ ಕುದಿಸಿ ಸೋಸಿದೆ. ಲೋಟ ಕೈಗೆ ಕೊಟ್ಟೆ. ಅವಳು ಅದನ್ನು ನೆಲದ ಮೇಲಿಟ್ಟು ಹೇಳತೊಡಗಿದಳು. ಸೊಸೆ ಮೀನಿನ ಕೆರೆಗೆ ಇಳಿಯುತ್ತಾಳೆಂದು ಮನೆಯಲ್ಲಿ ಮೊದಲು ಗದ್ದಲವಾಯಿತಂತೆ. ಆಮೇಲೆ ಮಲ್ಲೇಶನೇ ಎಲ್ಲರ ಬಾಯಿ ಮುಚ್ಚಿಸಿದನಂತೆ. ಯಾಕೆಂದು ಅವಳಿಗೂ ತಿಳಿಯಲಿಲ್ಲವಂತೆ. ಮಳೆ ಬಂದು ಕೆರೆ ತುಂಬಿದ ಮೇಲೆ ಬಾಯಿಬಿಟ್ಟನಂತೆ. ಒಂದು ವರ್ಷ ನೀವು ಹಸನು ಮಾಡ್ರಿ, ಆಮ್ಯಾಲೆ ಕೆರಿ ನನಗ ಬರಬೇಕು, ಇಲ್ಲಂದ್ರ ಅಣ್ಣನೂ ನೀವೂ ಬ್ಯಾರೆ ಒಲಿ ಹೂಡ್ರಿ, ಅಂಗಡ್ಯಾಗ ಪಾಲಿಲ್ಲ, ಎಂದನಂತೆ.

"ಯಾವಾಗಂದ ಹಂಗ?"

"ದೀಪಾವಳಿ ಮುಂಜಾನೆ."

"ನಾ ಹೋಳಿಗಿ ಉಣ್ಣಾಕ ಬಂದ ದಿನ?"

ಅವಳು ತಲೆಯಾಡಿಸಿದಳು. "ಆಕೀನ ಕರಸು, ಕೇಳೋದೈತಿ ಅಂದಿದ್ದ."

ಆ ಹೋಳಿಗೆಯ ನೆನಪು ನನ್ನನ್ನು ಅಷ್ಟು ಚುಚ್ಚಲಿಲ್ಲ. ಆಮೇಲಿನ ಚಳಿಗಾಲ ನೆನಪಾಯಿತು. ಮಂಜಿನೊಳಗೆ ಅವಳು ಹಿಂಡಿ ಎರಚುತ್ತಿದ್ದದ್ದು, ರೊಟ್ಟಿಗೆ ಚಟ್ನಿ ಹಚ್ಚಿ ಹನುಮಕ್ಕನಿಗೆ ತಿನ್ನಿಸಿದ್ದು, ಇನ್ನೊಂದು ಕೆರೆ ಕೇಳೋಣ ಎಂದದ್ದು. ಅಷ್ಟೂ ದಿನ ಅವಳಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ನಾವು ಆರು ಮಂದಿ ಹೋಗಿ ಪಂಚಾಯ್ತಿಯ ಮುಂದೆ ಕೂರುತ್ತಿದ್ದೆವು. ಗೆಲ್ಲುತ್ತಿದ್ದೆವೋ ಇಲ್ಲವೋ, ಕೂರುತ್ತಿದ್ದೆವು.

"ಆಮ್ಯಾಲೆ ನಮ್ಮ ಜೊತಿ ನಕ್ಕಿದ್ದು?" ಎಂದು ಕೇಳಿದೆ.

"ಅದು ಖರೇನ ಇತ್ತು ಅಂಬಿ. ನನ್ನ ಮಕ್ಕಳಾಣಿ."

"ಎದ್ದು ನಿಂತು ಕೆರಿ ಬ್ಯಾಡ ಅಂದಿದ್ದು?"

ಅವಳು ನೆಲದ ಮೇಲಿನ ಲೋಟವನ್ನು ಆಚೆ ಸರಿಸಿದಳು. ಚಹಾದ ಮೇಲೆ ಕೆನೆ ಕಟ್ಟಿತು. ಹೊರಗೆ ಯಾರೋ ಮೀನು ಐತೇನ್ರಿ ಎಂದು ಕೂಗಿ, ಯಾರೂ ಓಗೊಡದ್ದರಿಂದ ಹೊರಟುಹೋದರು.

"ನಿನ್ನ ಸಿಟ್ಟು ಯಾವತ್ತರೆ ಹೋಗ್ತೈತೇನು?" ಎಂದಳು ಕೊನೆಗೆ.

"ಗೊತ್ತಿಲ್ರಿ."

"ಹೋಗೋದು ಬ್ಯಾಡ ಬಿಡು. ಸಿಟ್ಟರೆ ಇರ್ಲಿ ನನ್ನ ಮ್ಯಾಲೆ. ಅದೂ ಹೋದ್ರ ನಿನಗ ನಾ ಯಾರೂ ಅಲ್ಲ," ಅಂದಳು.

ಎದ್ದು ಸೆರಗು ಸರಿಪಡಿಸಿಕೊಂಡು, ಅಂಗಡಿಯ ತೇವದ ನೆಲದ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು ಬೀದಿಗಿಳಿದಳು. ಬಸ್ ನಿಲ್ದಾಣದ ಕಡೆ ತಿರುಗುವ ಮೂಲೆಯಲ್ಲಿ ಒಮ್ಮೆ ನಿಂತಳು. ಕರೆದರೆ ಕೇಳಿಸುವಷ್ಟು ದೂರ. ಬಾಗಿಲಿಗೆ ಕೈಯಾನಿಸಿ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಕರೆಯಲಿಲ್ಲ.